ಹಳೆ ದೋಣಿ ಕೊಂಡವರಿಗೆ: ಯಾವುದನ್ನು ಮೊದಲು ಬಿಚ್ಚಬೇಕು, ಯಾವುದನ್ನು ಸದ್ಯಕ್ಕೆ ಮುಟ್ಟಬಾರದು

ಹಳೆ ದೋಣಿ ಕೊಂಡವರಲ್ಲಿ ಹೆಚ್ಚಿನವರು ಮೊದಲ ವಾರವೇ ಬಣ್ಣ ಆರಿಸುತ್ತಾರೆ, ಸೀಟು ಬಿಚ್ಚುತ್ತಾರೆ. ಸೀಟಿನಡಿ ಕೊಳೆತ ಹಲಗೆ ಕಾಣಿಸುತ್ತದೆ. ಹಲಗೆ ಕೀಳಲು ಹೋದರೆ ಇಂಧನದ ಟ್ಯಾಂಕ್ ಅಡ್ಡ ಬರುತ್ತದೆ. ಟ್ಯಾಂಕ್ ಎತ್ತೋಣವೆಂದರೆ ಅದರ ಬೋಲ್ಟ್ ಜಪ್ಪಯ್ಯ ಎಂದರೂ ಕದಲುವುದಿಲ್ಲ. ವರ್ಷ ಉರುಳುತ್ತದೆ, ಟಾರ್ಪಾಲಿನಡಿ ಬಿಚ್ಚಿದ ಭಾಗಗಳ ರಾಶಿ ಬೆಳೆಯುತ್ತದೆ, ಕೊನೆಗೆ ಒಂದು ದಿನ "ಅರ್ಧ ಕೆಲಸ ಮುಗಿದಿದೆ, ದೋಣಿ ಮಾರಾಟಕ್ಕಿದೆ" ಎಂಬ ಜಾಹೀರಾತು ಹೊರಬೀಳುತ್ತದೆ. ಅಂಥ ಜಾಹೀರಾತು ಕಂಡರೆ ದೂರ ಸರಿಯಿರಿ. ಬಿಚ್ಚುವ ಅರ್ಧ ಮುಗಿದಿರುತ್ತದೆ, ಜೋಡಿಸುವ ಅರ್ಧ ನಿಮ್ಮ ತಲೆಗೆ ಬರುತ್ತದೆ.

ಇಷ್ಟು ಗೋಳಿಗೆ ಬಹುಪಾಲು ಕಾರಣ ಕೆಲಸದ ಸರದಿ ತಪ್ಪುವುದು. ನೀರು ಒಳಗೆ ಬರಬಾರದು, ಬೆಂಕಿ ಹತ್ತಬಾರದು, ಎಂಜಿನ್ ನಡುನೀರಿನಲ್ಲಿ ಕೈಬಿಡಬಾರದು. ಈ ಮೂರಕ್ಕೆ ಸೇರದ ಕೆಲಸ ಯಾವುದೇ ಇರಲಿ, ಅದು ಎರಡನೇ ವರ್ಷದ ಪಟ್ಟಿಗೆ ಹೋಗಲಿ. ಜೊತೆಗೆ ಇನ್ನೊಂದು ಶಿಸ್ತು: ಒಂದು ಭಾಗ ಬಿಚ್ಚಿದರೆ ಅದನ್ನು ಮುಚ್ಚಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಿ. ದೋಣಿ ಎರಡು ವಾರಾಂತ್ಯದ ಕೆಲಸದಲ್ಲಿ ನೀರಿಗಿಳಿಯುವ ಸ್ಥಿತಿಯಲ್ಲಿ ಸದಾ ಇರಬೇಕು. ಒಮ್ಮೆಯಾದರೂ ಓಡಿಸಿ ಬಂದರೆ ಉಳಿದ ಕೆಲಸಕ್ಕೆ ಹುಮ್ಮಸ್ಸು ತಾನಾಗಿ ಬರುತ್ತದೆ. ಕೊಟ್ಟಿಗೆಯಲ್ಲಿ ಕೂತ ದೋಣಿ ಹುಮ್ಮಸ್ಸನ್ನೂ ತಿನ್ನುತ್ತದೆ, ದುಡ್ಡನ್ನೂ ತಿನ್ನುತ್ತದೆ.

ಇಲ್ಲಿ ಹೇಳುವುದು ಐದಾರು ಮೀಟರ್ ಉದ್ದದ, ಹಿಂಬದಿಗೆ ಹೊರಗಿನಿಂದ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ಕೂರಿಸಿದ ಹಳೆ ಫೈಬರ್ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಹಲಗೆ ಜೋಡಿಸಿದ ಮರದ ದೋಣಿಯ ಲೋಕವೇ ಬೇರೆ. ಅದರ ಬಗ್ಗೆ ಒಂದೇ ಮಾತು: ಒಣಗಿ ಬಿರುಕು ಬಿಟ್ಟ ಸಂದುಗಳನ್ನು ನೆಲದ ಮೇಲೆ ಇರುವಾಗಲೇ ಗಟ್ಟಿ ಪದಾರ್ಥ ತುರುಕಿ ಮುಚ್ಚಬೇಡಿ. ನೀರು ಕುಡಿದು ಹಲಗೆ ಉಬ್ಬಿದಾಗ ಹೋಗಲು ಜಾಗವಿಲ್ಲದೆ ಒಳಗಿನ ಪಕ್ಕೆಗಳನ್ನೇ ಮುರಿದೀತು.

ಹಂತ 1: ಭದ್ರವಾಗಿ ನಿಲ್ಲಿಸುವುದು

ದೋಣಿ ಟ್ರೈಲರ್ ಮೇಲಿದ್ದರೆ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡ ಕೊಡಿ, ಟ್ರೈಲರಿನ ಹಿಂಭಾಗದ ಚೌಕಟ್ಟಿಗೆ ಆಧಾರ ನಿಲ್ಲಿಸಿ. ಇಲ್ಲವಾದರೆ ನೀವು ಎಂಜಿನ್ ಪಕ್ಕ ಹತ್ತಿ ನಿಂತ ಕ್ಷಣ ಮೂತಿ ಮೇಲೆದ್ದೀತು. ಸ್ಟ್ಯಾಂಡುಗಳ ಮೇಲಿದ್ದರೆ ಭಾರವೆಲ್ಲ ತಳದ ನಡುಗೆರೆಯ ದಿಮ್ಮಿಗಳ ಮೇಲಿರಬೇಕು. ಪಕ್ಕದ ಸ್ಟ್ಯಾಂಡುಗಳು ವಾಲದಂತೆ ಹಿಡಿಯಲು ಮಾತ್ರ. ಎದುರುಬದುರು ಸ್ಟ್ಯಾಂಡುಗಳನ್ನು ದೋಣಿಯಡಿ ಸರಪಳಿಯಿಂದ ಬೆಸೆಯಿರಿ. ಟಾರ್ಪಾಲಿನ ಹಗ್ಗವನ್ನು ಎಂದೂ ಸ್ಟ್ಯಾಂಡಿಗೆ ಕಟ್ಟಬೇಡಿ. ಗಾಳಿಗೆ ಟಾರ್ಪಾಲು ಉಬ್ಬಿದಾಗ ಹಗ್ಗ ಸ್ಟ್ಯಾಂಡನ್ನೇ ಎಳೆದು ಬೀಳಿಸುತ್ತದೆ, ಅದರ ಹಿಂದೆಯೇ ದೋಣಿ. ಹಗ್ಗವನ್ನು ತಳದಡಿಯಿಂದ ಸುತ್ತಿ ಆಚೆ ಬದಿಗೆ ಕಟ್ಟಿದರೆ ಈ ತಾಪತ್ರಯವಿಲ್ಲ.

ಮೂತಿಯನ್ನು ತುಸು ಎತ್ತರಿಸಿ, ಹಿಂಬದಿಯ ತಳದಲ್ಲಿರುವ ತೂತಿನ ಬಿರಡೆ ತೆಗೆದಿಡಿ. ಮಳೆನೀರು ನಿಲ್ಲದೆ ಹೋಗಲಿ. ತೆಗೆದ ಬಿರಡೆಯನ್ನು ಎಂಜಿನ್ನಿನ ಬೀಗದ ಕೈಗೇ ಕಟ್ಟಿಬಿಡಿ. ಮರೆತು ನೀರಿಗಿಳಿಸುವ ಅನಾಹುತ ತಪ್ಪುತ್ತದೆ. 25 ಮಿಲಿಮೀಟರ್ ಅಗಲದ ತೂತು ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗಿದ್ದರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರು ಒಳನುಗ್ಗುತ್ತದೆ.

ಹಂತ 2: ಬಡಿದು, ಒತ್ತಿ, ತುಂಬಿಸಿ ನೋಡುವುದು

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಇಡೀ ದಿನ ಬರೀ ತಪಾಸಣೆಗೆ ಕೊಡಿ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು (ದೋಣಿಯ ಮೇಲ್ಹಾಸನ್ನು), ನೆಲವನ್ನು, ಎಂಜಿನ್ ತೂಗುವ ಹಿಂಬದಿಯ ಗೋಡೆಯನ್ನು (ಇದನ್ನು ಮುಂದೆ ಟ್ರಾನ್ಸಮ್ ಎನ್ನುತ್ತೇನೆ) ಅಂಗುಲ ಅಂಗುಲ ಬಡಿಯುತ್ತ ಹೋಗಿ. ಗಟ್ಟಿ ಜಾಗ "ಟಕ್" ಎನ್ನುತ್ತದೆ, ಒಳಗಿನ ಮರ ಕೊಳೆತ ಅಥವಾ ಪದರ ಬಿಟ್ಟ ಜಾಗ "ದೊಬ್" ಎಂದು ಮಂಕಾಗುತ್ತದೆ. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗೆರೆಗಳು ಸಾಮಾನ್ಯವಾಗಿ ಯಾವುದಾದರೂ ಸ್ಕ್ರೂ, ಕ್ಲೀಟ್ (ಹಗ್ಗ ಕಟ್ಟುವ ಗೂಟ) ಅಥವಾ ಕಂಬಿಯ ಸುತ್ತ ಬಂದು ಸೇರುವುದನ್ನು ಗಮನಿಸುತ್ತೀರಿ. ನೀರು ಒಳಹೋದ ದಾರಿ ಅದೇ. ಫೈಬರ್ ಕೊಳೆಯುವುದಿಲ್ಲ, ಎರಡು ಫೈಬರ್ ಪದರಗಳ ನಡುವೆ ಇರುವ ಪ್ಲೈವುಡ್ ಅಥವಾ ಬಾಲ್ಸಾ ಮರ ಕೊಳೆಯುತ್ತದೆ. ಮೇಲೆ ಥಳುಕು ಒಳಗೆ ಹುಳುಕು ಎಂಬ ಮಾತು ಈ ದೋಣಿಗಳಿಗೆಂದೇ ಹುಟ್ಟಿದಂತಿದೆ.

ಟ್ರಾನ್ಸಮ್ ಪರೀಕ್ಷೆಗೆ ಎಂಜಿನ್ನನ್ನು ಅರ್ಧ ಎತ್ತಿ, ಪ್ರೊಪೆಲ್ಲರ್ ಮೇಲಿನ ಭಾಗ ಹಿಡಿದು ಮೇಲೆ ಕೆಳಗೆ ಜಗ್ಗಿ. ಆಗ ಇನ್ನೊಬ್ಬರು ಎಂಜಿನ್ ಕೂತ ಜಾಗವನ್ನೇ ದಿಟ್ಟಿಸಲಿ. ಟ್ರಾನ್ಸಮ್ ಬಾಗುತ್ತಿದ್ದರೆ, ಬೋಲ್ಟಿನ ಅಂಚಿನಿಂದ ಕಂದು ನೀರು ಜಿನುಗುತ್ತಿದ್ದರೆ, ಆ ದೋಣಿ ಈ ವರ್ಷ ನೀರಿಗಿಳಿಯುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಇದೊಂದರಲ್ಲಿ ರಿಯಾಯಿತಿ ಇಲ್ಲ.

ತಳದ ಸೋರಿಕೆ ಹುಡುಕಲು ನೀರಿಗಿಳಿಸಬೇಕಾಗಿಲ್ಲ. ಬಿರಡೆ ಹಾಕಿ ಒಳಗೆ ಒಂದು ಗೇಣಿಗಿಂತ ಕಡಿಮೆ ನೀರು ತುಂಬಿ, ಹೊರಗಿನಿಂದ ಎಲ್ಲಿ ಒಸರುತ್ತದೆ ನೋಡಿ. ಪ್ರತಿ ಲೀಟರಿಗೆ ಒಂದು ಕಿಲೋ ಭಾರ, ಟ್ರೈಲರ್ ತಡೆದೀತೇ ಎಂಬ ಲೆಕ್ಕ ಮೊದಲೇ ಇರಲಿ.

ತಪಾಸಣೆ ಮುಗಿದ ಮೇಲೆ, ಹಣ ಸುರಿಯುವ ಮೊದಲು, ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆಯಿರಿ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ತೆಗೆದು, ಕಿಡಿ ಹಾರದಂತೆ ಇಗ್ನಿಷನ್ ಕಡಿದು, ಥ್ರಾಟಲ್ ಪೂರ್ತಿ ತೆರೆದು ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ತಿರುಗಿಸಿ. ಸಿಲಿಂಡರುಗಳ ನಡುವೆ ಶೇಕಡಾ 10ರ ಒಳಗಿನ ವ್ಯತ್ಯಾಸ ಇದ್ದರೆ ನೆಮ್ಮದಿ. ಒಂದು ಸಿಲಿಂಡರ್ ಪಾತಾಳಕ್ಕಿಳಿದಿದ್ದರೆ ಆ ಎಂಜಿನ್ನಿಗೆ ಹೊಸ ಬಿಡಿಭಾಗ ತರಿಸುವುದಕ್ಕೆ ಮುಂಚೆ ಬೇರೆ ಎಂಜಿನ್ನಿನ ಯೋಚನೆ ಮಾಡುವುದೇ ಲೇಸು.

ಹಂತ 3: ಬಿಚ್ಚಲು ಒಪ್ಪದ ಬೋಲ್ಟುಗಳು

ಹೊಸ ಭಾಗ ಕೂರಿಸಲು ಕಾಲು ಗಂಟೆ ಸಾಕು, ಹಳೆಯದನ್ನು ಕೀಳಲು ಇಡೀ ದಿನ ಹೋಗುತ್ತದೆ. ಹಳೆ ದೋಣಿಯ ರಿಪೇರಿಯಲ್ಲಿ ಮನುಷ್ಯ ರೋಸಿಹೋಗುವ ಜಾಗ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಔಟ್‌ಬೋರ್ಡಿನ ಒಡಲು ಅಲ್ಯೂಮಿನಿಯಂ, ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲ್. ಎರಡರ ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಥ್ರೆಡ್‌ಗಳ ನಡುವೆ ಬಿಗಿದು ಕೂರುತ್ತದೆ. ಬರೀ ತೋಳ್ಬಲ ಹಾಕಿದರೆ ಬೋಲ್ಟಿನ ತಲೆ ಕಿತ್ತು ಕೈಗೆ ಬರುತ್ತದೆ, ಕಾಲು ಒಳಗೇ ಉಳಿಯುತ್ತದೆ. ಸರದಿ ಹೀಗಿರಲಿ:

1. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರವಾಗಿ ಹತ್ತಾರು ಸಣ್ಣ ಪೆಟ್ಟು ಕೊಡಿ. ಅದುರಿದಂತೆ ಎಣ್ಣೆ ಇಳಿಯುತ್ತದೆ. ರಾತ್ರಿಯಿಡೀ ಬಿಡಿ. ಮರುದಿನ ಮತ್ತೆ ಹಾಕಿ.
2. ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದು ಬಿಗಿದ ಬೋಲ್ಟಿನ ಅಂಚು ಸವೆಸಿ ಗುಂಡಗೆ ಮಾಡುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಸಡಿಲಿಸಿ. ಕದಲಿದರೆ ಕಾಲು ಸುತ್ತು ಹೊರಗೆ, ಅರ್ಧಕಾಲು ಒಳಗೆ, ಮತ್ತೆ ಎಣ್ಣೆ. ಹೀಗೆ ತಾಳ್ಮೆಯಿಂದ ತರಬೇಕು.
3. ಬಗ್ಗದಿದ್ದರೆ ಶಾಖ. ಅದೇ ಉಷ್ಣತೆಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ಬೋಲ್ಟನ್ನು ಬಿಟ್ಟು ಸುತ್ತಲಿನ ಒಡಲನ್ನು ಕಾಯಿಸಬೇಕು. ಮೊದಲು ಬಿಸಿಗಾಳಿಯ ಗನ್ ಸಾಕು. ಪೆಟ್ರೋಲ್ ಟ್ಯಾಂಕ್, ಹೋಸ್, ಎಣ್ಣೆ ನೆಂದ ಚಿಂದಿ ಹತ್ತಿರವಿದ್ದರೆ ಜ್ವಾಲೆಯ ಮಾತೇ ಬೇಡ.
4. ತಲೆ ಮುರಿದರೆ ಅಲ್ಲಿಗೆ ನಿಲ್ಲಿಸಿ. ಉಳಿದ ಕಾಂಡ ಸ್ವಲ್ಪ ಹೊರಗೆ ಕಾಣುತ್ತಿದ್ದರೆ ಅದರ ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆ ದಾರಿ. ವೆಲ್ಡಿಂಗಿನ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ಒಳಗೇ ಮುರಿದಿದ್ದರೆ ನಟ್ಟನಡುವೆ ಗುರುತು ಕುಟ್ಟಿ, ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟಿನಿಂದ ಕೊರೆಯಿರಿ. ಎಷ್ಟೋ ಸಲ ಕೊರೆಯುವಾಗಲೇ ಕಾಂಡ ತಾನಾಗಿ ಹೊರಬರುತ್ತದೆ. ಮುರಿದ ಬೋಲ್ಟ್ ತೆಗೆಯಲೆಂದು ಮಾರುವ ಮೊನಚು ತಿರುಪುಳಿಗಳನ್ನು ನಾನು ನಂಬುವುದಿಲ್ಲ. ಅವು ಒಳಗೆ ಮುರಿದರೆ ಅಷ್ಟು ಗಟ್ಟಿ ಉಕ್ಕನ್ನು ಮನೆಯ ಡ್ರಿಲ್ ಕೊರೆಯಲಾರದು.

ಜಪಾನಿನ ಎಂಜಿನ್ನುಗಳಲ್ಲಿ ಇನ್ನೊಂದು ಕಿರಿಕಿರಿ. ಕಾರ್ಬ್ಯುರೇಟರ್ ಮೇಲಿನ ಪ್ಲಸ್ ಗೆರೆಯ ಸ್ಕ್ರೂಗಳು ನೋಡಲು ಸಾಧಾರಣ ಫಿಲಿಪ್ಸ್ ತರಹವೇ ಇದ್ದರೂ ಅವು ಜೆಐಎಸ್ ಎಂಬ ಜಪಾನಿ ಅಳತೆಯವು. ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ಗೆರೆಯನ್ನು ಹಾಳುಗೆಡವುತ್ತದೆ. ಜೆಐಎಸ್ ತುದಿಯ ಸ್ಕ್ರೂಡ್ರೈವರ್ ಒಂದು ಸೆಟ್ ತಂದಿಟ್ಟುಕೊಂಡರೆ ಅರ್ಧ ಬೈಗುಳ ಉಳಿಯುತ್ತದೆ.

ಮತ್ತೆ ಹಾಕುವಾಗ ಪ್ರತಿ ಬೋಲ್ಟಿಗೂ ಮರೈನ್ ಗ್ರೀಸ್ ಅಥವಾ ಆಂಟಿ-ಸೀಜ್ (ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿ. ಸ್ಟೇನ್‌ಲೆಸ್ ನಟ್ಟನ್ನು ಸ್ಟೇನ್‌ಲೆಸ್ ಬೋಲ್ಟಿಗೆ ಒಣಗಿದ್ದಂತೆಯೇ ಮಷೀನಿನಿಂದ ಸರ್ರನೆ ತಿರುಗಿಸಿದರೆ ಅವು ಒಂದಕ್ಕೊಂದು ಬೆಸೆದುಕೊಂಡು ಅಲ್ಲೇ ನಿಂತುಬಿಡುತ್ತವೆ. ಆಮೇಲೆ ಕತ್ತರಿಸುವುದೇ ಗತಿ. ಬಿಗಿದ ಬೋಲ್ಟಿನ ಜೊತೆ ಸಂಜೆ ಹೊತ್ತು, ದಣಿದಾಗ, ಕುಸ್ತಿಗೆ ಇಳಿಯದಿರುವುದೂ ಈ ಹಂತದ ಒಂದು ತಂತ್ರವೇ.

ಕೈ ತೂರದ ಜಾಗಕ್ಕೆ ಒಂದು ಸಲಹೆ. ಮೈ ಹಿಂಡಿಕೊಂಡು ಕಣ್ಣಿಗೆ ಕಾಣದ ನಟ್ಟಿಗೆ ಗಂಟೆಗಟ್ಟಲೆ ತಡಕಾಡುವ ಬದಲು, ಡೆಕ್ಕಿನಲ್ಲಿ ದುಂಡನೆಯ ಕಿಂಡಿ ಕೊರೆದು ತಿರುಗಿಸಿ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ ಕೂರಿಸಿ. ಮುಂದಿನ ಹತ್ತು ವರ್ಷ ಆ ಕಿಂಡಿಯನ್ನು ಹರಸುತ್ತೀರಿ. ಕೊರೆಯುವ ಮೊದಲು ಅಡಿಯಲ್ಲಿ ಟ್ಯಾಂಕ್, ವೈರು, ಹೋಸ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಹಂತ 4: ಡೆಕ್ಕಿನ ಸೋರಿಕೆ

ಹಿಂದಿನ ಮಾಲೀಕರು ಎಲ್ಲ ಸೋರಿಕೆಗೂ ಸಿಲಿಕೋನ್ ಬಳಿದಿರುತ್ತಾರೆ. ಇದು ಹೆಚ್ಚುಕಡಿಮೆ ನಿಯಮ. ಹೊರಗಿನಿಂದ ಬಳಿದ ಸಿಲಿಕೋನ್ ನೀರನ್ನು ತಡೆಯದೆ, ಒಳಹೋದ ನೀರು ಹೊರಬರದಂತೆ ಮಾತ್ರ ತಡೆಯುತ್ತದೆ. ಅದರ ಜಿಡ್ಡು ಉಳಿದ ಜಾಗದಲ್ಲಿ ಬಣ್ಣ, ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು), ಬೇರೆ ಸೀಲೆಂಟ್ (ಸಂದು ಮುಚ್ಚುವ ಪದಾರ್ಥ) ಯಾವುದೂ ಅಂಟುವುದಿಲ್ಲ. ಬ್ಲೇಡಿನಿಂದ ಕೆತ್ತಿ, ಸಿಲಿಕೋನ್ ಕರಗಿಸುವ ದ್ರಾವಣದಿಂದ ಒರೆಸಿ, ಆಮೇಲೆ ಮಾತ್ರ ಉಜ್ಜಬೇಕು.

ಸರಿಯಾದ ಪರಿಹಾರ ಒಂದೇ: ಕ್ಲೀಟನ್ನೋ ಕಂಬಿಯನ್ನೋ ಪೂರ್ತಿ ಬಿಚ್ಚಿ ಮತ್ತೆ ಕೂರಿಸುವುದು. 6 ಮಿಲಿಮೀಟರ್ ಬೋಲ್ಟಿನ ತೂತು ಎಂದಿಟ್ಟುಕೊಳ್ಳಿ. ಮೇಲಿನ ಪದರ ಮತ್ತು ನಡುವಿನ ಮರವನ್ನು 12 ಮಿಲಿಮೀಟರಿಗೆ ಅಗಲಿಸಿ ಕೊರೆಯಿರಿ. ಬಾಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಒಳಗಿನ ಮೆತ್ತನೆಯ ಮರ ಪುಡಿಪುಡಿಯಾಗಿ ಹೊರಬರುತ್ತದೆ. ಪುಡಿ ಒಣಗಿ ತಿಳಿ ಬಣ್ಣದ್ದಾಗಿದ್ದರೆ ಸರಿ. ಕಪ್ಪಗೆ, ಒದ್ದೆಯಾಗಿ, ಹುಳಿ ವಾಸನೆ ಬಂದರೆ ಕೊಳೆ ಇನ್ನೂ ಆಚೆಗೆ ಹಬ್ಬಿದೆ. ಒಣಗಿದ ತೂತಿಗೆ ಅಡಿಯಿಂದ ಟೇಪ್ ಅಂಟಿಸಿ, ಮೊದಲು ತೆಳು ಎಪಾಕ್ಸಿ ಸವರಿ, ಮೇಲೆ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ. ಗಟ್ಟಿಯಾದ ಮೇಲೆ ಅದರ ನಡುವೆ 6 ಮಿಲಿಮೀಟರ್ ತೂತು ಹೊಸದಾಗಿ ಕೊರೆಯಿರಿ. ಇನ್ನು ಮುಂದೆ ಸೀಲೆಂಟ್ ಕೈಕೊಟ್ಟರೂ ನೀರು ಮರ ಮುಟ್ಟುವುದಿಲ್ಲ.

ತೂತಿನ ಬಾಯಿಯನ್ನು ತುಸು ಅಗಲಿಸಿ ಇಳಿಜಾರು ಮಾಡಿ, ಬೋಲ್ಟಿನ ಕೊರಳಿಗೆ ಬ್ಯುಟೈಲ್ ಎಂಬ ಮೆತ್ತನೆಯ ಅಂಟು ರಬ್ಬರಿನ ಟೇಪ್ ಸುತ್ತಿ ಕೂರಿಸಿ. ಬಿಗಿಯುವಾಗ ಬೋಲ್ಟ್ ತಿರುಗಬಾರದು. ಅದನ್ನು ಮೇಲಿನಿಂದ ಅಲುಗದಂತೆ ಹಿಡಿದು ಅಡಿಯ ನಟ್ಟನ್ನು ಮಾತ್ರ ತಿರುಗಿಸಿ. ಒಂದೇ ಸಲ ಬಿಗಿಯದೆ ಎರಡು ಮೂರು ದಿನ ಬಿಟ್ಟು ಬಿಟ್ಟು ಬಿಗಿಮಾಡಿದರೆ ಟೇಪ್ ಹಿಂಡಿಕೊಂಡು ಹೊರಗೆ ಇಣುಕುತ್ತದೆ, ಅದನ್ನು ಕತ್ತರಿಸಿ ತೆಗೆಯಿರಿ. ನೀರಿನ ಮಟ್ಟದ ಕೆಳಗಿನ ಭಾಗಗಳಿಗೆ ಬ್ಯುಟೈಲ್ ಬೇಡ, ಪಾಲಿಯುರೆಥೇನ್ ಸೀಲೆಂಟ್ ಬೇಕು. ಅದರಲ್ಲೂ ಶಾಶ್ವತವಾಗಿ ಅಂಟುವ ಬಗೆಯದನ್ನು ಮುಂದೆಂದಾದರೂ ಬಿಚ್ಚಬೇಕಾದ ಭಾಗಕ್ಕೆ ಹಾಕಿದಿರೋ, ಆ ದಿನ ಭಾಗದ ಜೊತೆ ಫೈಬರ್ ಪದರವೂ ಕಿತ್ತು ಬರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಗಳಿಗೆ ಪಾಲಿಸಲ್ಫೈಡ್ ಸೀಲೆಂಟ್ ಹಾಕಬೇಡಿ, ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಹಂತ 5: ಕೊಳೆತ ಟ್ರಾನ್ಸಮ್, ಕೊಳೆತ ನೆಲ

ಸಣ್ಣ ತೂತು ಕೊರೆದು ತೆಳು ಎಪಾಕ್ಸಿ ಸುರಿದರೆ ಕೊಳೆತ ಮರ ಮತ್ತೆ ಗಟ್ಟಿಯಾಗುತ್ತದೆ ಎಂದು ಹೇಳುವವರಿದ್ದಾರೆ. ಒದ್ದೆ ಮರದೊಳಗೆ ಎಪಾಕ್ಸಿ ಇಳಿಯುವುದೇ ಇಲ್ಲ. ಇಳಿದರೂ ಎಂಜಿನ್ ತಳ್ಳುವ ಬಲ ಹೊರುವ ಟ್ರಾನ್ಸಮ್ಮಿಗೆ ಅದು ಬರೀ ತೇಪೆ. ಕೊಳೆತದ್ದನ್ನು ತೆಗೆಯಲೇಬೇಕು.

ಒಳಬದಿಯ ಫೈಬರ್ ಪದರವನ್ನು ಅಂಚಿನಿಂದ ಒಂದಷ್ಟು ಬಿಟ್ಟು ಕತ್ತರಿಸಿ. ಹೊರಬದಿಯದು ಹಾಗೇ ಇರಲಿ, ದೋಣಿಯ ಆಕಾರ ಹಿಡಿದಿರುವುದು ಅದೇ. ಕೊಳೆತ ಪ್ಲೈವುಡ್ಡನ್ನು ಉಳಿಯಿಂದ ಕೆತ್ತಿ ಬರಿದು ಮಾಡಿ, ಒಣಗಲು ಬಿಡಿ. ಒಣಗಿತೋ ಇಲ್ಲವೋ ತಿಳಿಯಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಟೇಪ್ ಹಾಕಿ ಅಂಟಿಸಿ ಬಿಸಿಲಿಗೆ ಬಿಡಿ. ಹಾಳೆಯ ಒಳಗೆ ಹನಿ ಕಟ್ಟಿದರೆ ಇನ್ನೂ ಕಾಯಬೇಕು. ಹೊಸದಕ್ಕೆ ಬಿಎಸ್ 1088 ಎಂಬ ಬ್ರಿಟಿಷ್ ಗುಣಮಟ್ಟದ ಮರೈನ್ ಪ್ಲೈವುಡ್ ಬಳಸಿ, ಹಳೆಯದರಷ್ಟೇ ದಪ್ಪ ಬರುವಂತೆ ಎರಡು ಹಾಳೆ ಸೇರಿಸಿ. ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಚೆನ್ನಾಗಿ ಕುಡಿಸಿ. ಒಳಪದರ ಮತ್ತೆ ಕಟ್ಟುವಾಗ ಹಳೆ ಫೈಬರಿನ ಅಂಚನ್ನು 12ಕ್ಕೆ 1ರಂತೆ ಇಳಿಜಾರಾಗಿ ಉಜ್ಜಬೇಕು: 4 ಮಿಲಿಮೀಟರ್ ದಪ್ಪದ ಪದರಕ್ಕೆ 48 ಮಿಲಿಮೀಟರ್ ಇಳಿಜಾರು. ಕಡಿಮೆ ಮಾಡಿದರೆ ಜೋಡಣೆ ಅದೇ ಗೆರೆಯಲ್ಲಿ ಬಿಟ್ಟುಕೊಳ್ಳುತ್ತದೆ.

ಎಪಾಕ್ಸಿಯೊಡನೆ ಮನಸ್ತಾಪ ಬರುವುದು ಬೆರೆಸುವಾಗ. ಫೈಬರ್ ದೋಣಿ ಕಟ್ಟಲು ಬಳಸುವ ಪಾಲಿಯೆಸ್ಟರ್ ರೆಸಿನ್ನಿಗೆ ಗಟ್ಟಿಯಾಗಿಸುವ ದ್ರವ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಆ ಅಭ್ಯಾಸವನ್ನು ಎಪಾಕ್ಸಿಗೆ ತಂದರೆ ಎಂದಿಗೂ ಗಟ್ಟಿಯಾಗದ ಅಂಟು ಸಿಗುತ್ತದೆ, ಅದನ್ನೆಲ್ಲ ಕೆರೆದು ತೆಗೆಯಬೇಕು. ಡಬ್ಬಿಯ ಮೇಲೆ 5:1 ಎಂದಿದ್ದರೆ 5:1, 2:1 ಎಂದಿದ್ದರೆ 2:1. ಅದು ಗಾತ್ರದ ಲೆಕ್ಕವೋ ತೂಕದ ಲೆಕ್ಕವೋ ಎಂಬುದನ್ನೂ ಓದಿ. ಲೋಟದ ಗೋಡೆ, ತಳ ಕೆರೆಯುತ್ತ ಎರಡು ನಿಮಿಷ ಕಲಸಿ. ಉಷ್ಣತೆ 10 ಡಿಗ್ರಿ ಏರಿದರೆ ಕೆಲಸಕ್ಕೆ ಸಿಗುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಬೆರೆಸಿದ್ದನ್ನು ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕುದಿದು ಹೊಗೆಯಾಡುತ್ತದೆ. ಅಗಲ ತಟ್ಟೆಗೆ ತೆಳ್ಳಗೆ ಸುರಿದುಕೊಳ್ಳಿ. ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ಬರೀ ನೀರು ಮತ್ತು ಒರಟು ಸ್ಕ್ರಬ್ಬರಿನಿಂದ ತೊಳೆದು, ಆಮೇಲೆ 80 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ ಮುಂದಿನ ಪದರ ಹಾಕಿ. ತೊಳೆಯದೆ ಉಜ್ಜಿದರೆ ಕಾಗದ ಕಟ್ಟಿಕೊಳ್ಳುತ್ತದೆ, ಮುಂದಿನ ಪದರ ಸುಲಿದು ಬರುತ್ತದೆ. ಹಳೆ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ.

ಫೈಬರ್ ಉಜ್ಜುವ ದೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು. ಸರಿಯಾದ ಮಾಸ್ಕ್, ಪೂರ್ತಿ ತೋಳಿನ ಅಂಗಿ, ಕೈಗವಸು ಬೇಕೇ ಬೇಕು. ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದುಕೊಳ್ಳಿ. ಬಿಸಿನೀರು ಮೈಗೆ ಬಿದ್ದರೆ ತುರಿಕೆ ಇನ್ನೂ ಕೆರಳುತ್ತದೆ ಎಂಬುದು ಈ ಕೆಲಸ ಮಾಡುವವರೆಲ್ಲರ ಅನುಭವ.

ಹಂತ 6: ಎಂಜಿನ್

ಅಂಗಳದಲ್ಲಿ ನೀರಿನ ಪೈಪ್ ಸಿಕ್ಕಿಸಿ ಚಾಲೂ ಮಾಡಿದಾಗ ಎಂಜಿನ್ ಜೇನಿನ ಹಾಗೆ ಗುಯ್‌ಗುಡುತ್ತದೆ, ನೀರಿಗಿಳಿದು ಥ್ರಾಟಲ್ ಕೊಟ್ಟರೆ ಉಸಿರು ಕಟ್ಟಿ ನಿಲ್ಲುತ್ತದೆ. ಹಳೆ ಔಟ್‌ಬೋರ್ಡಿನ ಬಗ್ಗೆ ಇದಕ್ಕಿಂತ ಸಾಮಾನ್ಯ ದೂರು ಇಲ್ಲ. ನೆಲದ ಮೇಲೆ ಪ್ರೊಪೆಲ್ಲರಿಗೆ ಹೊರೆ ಇಲ್ಲ, ತೊಟ್ಟು ಇಂಧನ ಸಾಕು. ನೀರಿನಲ್ಲಿ ಹೊರೆ ಬಿದ್ದಾಗ ಇಂಧನ ಸಾಲುವುದಿಲ್ಲ.

ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಹೀಗೆ ಮಾಡಿ. ಎಂಜಿನ್ ಕುಗ್ಗುವ ಹೊತ್ತಿಗೆ ಹೋಸಿನ ನಡುವಿನ ರಬ್ಬರ್ ಬುರುಡೆ ಒತ್ತಿ. ಒತ್ತಿದಾಗ ಚೇತರಿಸಿಕೊಂಡರೆ ದೋಷ ಟ್ಯಾಂಕಿಗೂ ಎಂಜಿನ್ನಿನ ಇಂಧನ ಪಂಪಿಗೂ ನಡುವೆ ಇದೆ, ಅಥವಾ ಪಂಪಿನಲ್ಲೇ ಇದೆ. ಬುರುಡೆ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಟ್ಯಾಂಕಿನಿಂದ ಬರುವ ದಾರಿ ಕಟ್ಟಿದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿ; ಸರಿಹೋದರೆ ಗಾಳಿಕಿಂಡಿ ಕಟ್ಟಿತ್ತು ಅಷ್ಟೇ. ಎಲ್ಲಕ್ಕಿಂತ ಬೇಗ ತೀರ್ಪು ಕೊಡುವ ಉಪಾಯ: ಬೇರೆ ಸಣ್ಣ ಟ್ಯಾಂಕಿಗೆ ಹೊಸ ಪೆಟ್ರೋಲ್ ತುಂಬಿ, ಹೊಸ ಹೋಸ್ ಮೂಲಕ ನೇರ ಎಂಜಿನ್ನಿಗೆ ಕೊಟ್ಟು ಓಡಿಸಿ. ಓಡಿದರೆ ದೋಷ ದೋಣಿಯದು, ಓಡದಿದ್ದರೆ ಎಂಜಿನ್ನಿನದು. ದೋಣಿಯದಾದರೆ ಹೋಸನ್ನು ಮೊದಲು ಅನುಮಾನಿಸಿ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆ ಹೋಸಿನ ಒಳಪದರ ಸುಲಿದು ಕವಾಟದಂತೆ ಮುಚ್ಚಿಕೊಳ್ಳುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಎಂಜಿನ್ನಿನದಾದರೆ ಕಾರ್ಬ್ಯುರೇಟರಿನ ಜೆಟ್ ಕಟ್ಟಿರುವುದೇ ಹೆಚ್ಚು.

ತಂಪು ನೀರಿನ ಪಂಪಿನ ಇಂಪೆಲ್ಲರ್ ಎಂಬ ರಬ್ಬರ್ ಚಕ್ರವನ್ನು ಕೊಂಡ ಕೂಡಲೇ ಬದಲಿಸಿ. "ಹೋದ ವರ್ಷವೇ ಹಾಕಿದ್ದು" ಎಂಬ ಮಾರುವವರ ಮಾತಿಗೆ ಬೆಲೆ ಕೊಡಬೇಡಿ. ಕೆಳಗಿನ ಗೇರ್ ಭಾಗ ಇಳಿಸುವಾಗ ಕಾಣುವ ಬೋಲ್ಟೆಲ್ಲ ತೆಗೆದರೂ ಅದು ಅಲುಗದಿದ್ದರೆ ಸನ್ನೆಕೋಲು ಹಾಕಬೇಡಿ. ಅನೇಕ ಮಾದರಿಗಳಲ್ಲಿ ಒಂದು ಬೋಲ್ಟ್ ಪ್ರೊಪೆಲ್ಲರ್ ಮೇಲಿನ ಪುಟ್ಟ ರೆಕ್ಕೆಯ ಹಿಂದೆ ಅಡಗಿರುತ್ತದೆ. ರೆಕ್ಕೆ ತೆಗೆಯುವ ಮೊದಲು ಅದರ ಕೋನಕ್ಕೆ ಗುರುತು ಹಾಕಿ, ಇಲ್ಲದಿದ್ದರೆ ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತದೆ. ಗೇರ್ ಬದಲಿಸುವ ಸರಳಿನ ಜೋಡಣೆಯನ್ನೂ ಕೈಪಿಡಿ ನೋಡಿ ಬಿಡಿಸಿ. ಹಳೆ ಚಕ್ರದ ರೆಕ್ಕೆ ಮುರಿದಿದ್ದರೆ ಚೂರುಗಳನ್ನು ಲೆಕ್ಕ ಹಾಕಿ ಹುಡುಕಿ. ಅವು ಮೇಲೆ ಹೋಗಿ ನೀರಿನ ದಾರಿ ಕಟ್ಟುತ್ತವೆ. ನೀರಿಲ್ಲದೆ ಎಂಜಿನ್ನನ್ನು "ಎರಡೇ ಸೆಕೆಂಡ್" ಕೂಡ ಓಡಿಸಬೇಡಿ.

ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಪ್ರೊಪೆಲ್ಲರ್ ಬಿಚ್ಚಿ ನೋಡಿದರೆ ಹಿಂದೆ ಮೀನಿನ ಗಾಳದ ದಾರ ಸುತ್ತಿಕೊಂಡು ಸೀಲ್ ಕತ್ತರಿಸಿರುವುದು ಆಗಾಗ ಕಾಣುತ್ತದೆ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ, ಮೇಲಿನ ತೂತಿನಲ್ಲಿ ಹೊರಬರುವ ತನಕ ಪಂಪ್ ಮಾಡಿ. ಮೊದಲು ಮೇಲಿನ ಸ್ಕ್ರೂ ಮುಚ್ಚಿ, ಆಮೇಲೆ ಕೆಳಗಿನದು. ವಾಷರ್ ಹೊಸದೇ ಆಗಿರಲಿ. ಕೆಲವು ಹಳೆ ಮಾದರಿಗಳಲ್ಲಿ ಎಣ್ಣೆಯ ಸ್ಕ್ರೂ ಪಕ್ಕದಲ್ಲೇ ಪ್ಲಸ್ ಗೆರೆಯ ಇನ್ನೊಂದು ಸ್ಕ್ರೂ ಇರುತ್ತದೆ. ಅದು ಒಳಗಿನ ಗೇರ್ ಜೋಡಣೆಯದು. ಅದನ್ನು ಬಿಚ್ಚಿದರೆ ಗೇರ್ ಭಾಗವನ್ನೇ ತೆರೆಯಬೇಕಾದೀತು.

ಹಂತ 7: ವೈರಿಂಗ್

ಮನೆಯ ವೈರು, ಟೇಪ್ ಸುತ್ತಿದ ಗಂಟು, ಎಲ್ಲಿಗೂ ಹೋಗದ ಕೆಂಪು ತಂತಿ ಕಂಡರೆ ಒಂದೊಂದನ್ನೇ ಜಾಡು ಹಿಡಿದು ಹೋಗುವ ಹುಚ್ಚಿಗೆ ಬೀಳಬೇಡಿ. ಸಣ್ಣ ದೋಣಿಯ ವೈರಿಂಗ್ ಎಲ್ಲವನ್ನೂ ಕಿತ್ತು ಹೊಸದಾಗಿ ಎಳೆಯುವುದೇ ಸುಲಭ. "ಒಂದೊಂದೇ ಬಿಚ್ಚಿ" ಎಂಬ ನನ್ನ ನಿಯಮಕ್ಕೆ ಇದೊಂದೇ ಅಪವಾದ. ತವರ ಲೇಪಿಸಿದ ತಾಮ್ರದ ವೈರು ತನ್ನಿ. ಬರೀ ತಾಮ್ರ ತೇವಕ್ಕೆ ಕಪ್ಪಾಗಿ ನಿರೋಧಕದ ಒಳಗೆ ಅಡಿಗಟ್ಟಲೆ ಸವೆಯುತ್ತದೆ. ಜೋಡಣೆಗಳನ್ನು ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಬಿಗಿದು), ಒಳಬದಿಗೆ ಅಂಟು ಬಳಿದಿರುವ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ. ಬ್ಯಾಟರಿಯಿಂದ ಸುಮಾರು 18 ಸೆಂಟಿಮೀಟರಿನೊಳಗೆ ಫ್ಯೂಸ್ ಇರಬೇಕೆನ್ನುತ್ತದೆ ಅಮೆರಿಕದ ದೋಣಿ ಸುರಕ್ಷತಾ ಸಂಸ್ಥೆ ಎಬಿವೈಸಿಯ ಮಾನದಂಡ. ಅದು ಒಳ್ಳೆ ಅಭ್ಯಾಸ. ತಳದ ನೀರು ಎತ್ತುವ ಪಂಪನ್ನು ಮುಖ್ಯ ಸ್ವಿಚ್ಚಿನ ಮೂಲಕ ತರದೆ ಅದರದೇ ಫ್ಯೂಸಿನೊಂದಿಗೆ ನೇರ ಬ್ಯಾಟರಿಗೆ ಕೊಡಿ.

ದೀಪ ಮಂಕಾದರೆ, ಪಂಪ್ ನಿಧಾನವಾದರೆ, ಅದು ಓಡುತ್ತಿರುವಾಗಲೇ ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪಂಪಿನ ಪ್ಲಸ್‌ಗೆ ಹಿಡಿಯಿರಿ. ಮೈನಸ್ ಕಡೆಯೂ ಹಾಗೇ. ಎರಡೂ ಸೇರಿ 0.36 ವೋಲ್ಟ್ ಮೀರಬಾರದು. 12 ವೋಲ್ಟಿನ ಶೇಕಡಾ 3 ಅಷ್ಟು. ಮೀರಿದರೆ ಕಳ್ಳ ಯಾವುದೋ ಜೋಡಣೆಯಲ್ಲಿದ್ದಾನೆ, ಬಹಳ ಸಲ ಮೈನಸ್ ಕಡೆ.

ಎಂಜಿನ್ ಒಳಗೇ ಇರುವ ಪೆಟ್ರೋಲ್ ದೋಣಿಯಾದರೆ ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್ ಹಾಕಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ತಂಗುತ್ತದೆ; ದೋಣಿಗೆಂದೇ ಮಾಡಿದ ಭಾಗಗಳು ಒಳಗಿನ ಕಿಡಿಯಿಂದ ಆ ಆವಿ ಹೊತ್ತಿಕೊಳ್ಳದಂತೆ ತಯಾರಾಗಿರುತ್ತವೆ. ನೋಡಲು ಎರಡೂ ಒಂದೇ ತರಹ.

ಹಂತ 8: ತಳದ ಬಣ್ಣ, ಆನೋಡ್

ಆನೋಡ್ ಎಂದರೆ ಎಂಜಿನ್ನಿನ ಲೋಹದ ಬದಲು ತಾನು ಸವೆಯಲೆಂದು ಕೂರಿಸುವ ಲೋಹದ ತುಂಡು. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ ಆನೋಡ್, ಸಿಹಿನೀರಿಗೆ ಮೆಗ್ನೀಸಿಯಂ. ಅರ್ಧ ಸವೆದಾಗ ಬದಲಿಸಿ, ಮೇಲೆ ಬಣ್ಣ ಬಳಿಯಬೇಡಿ. ವರ್ಷಗಟ್ಟಲೆ ಒಂಚೂರೂ ಸವೆಯದ ಆನೋಡ್ ಕಂಡರೆ ಹಿಗ್ಗಬೇಡಿ. ಅದಕ್ಕೆ ಲೋಹದ ಸಂಪರ್ಕವೇ ಸಿಕ್ಕಿಲ್ಲ.

ತಳದ ಹಳೆ ಪಾಚಿನಿರೋಧಕ ಬಣ್ಣವನ್ನು ಒಣಗಿದ್ದಂತೆ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ, ಕೊಳೆ ಹಿಡಿದಿಡಿ. ಟ್ರೈಬ್ಯುಟೈಲ್ ಟಿನ್ ಎಂಬ ವಿಷ ಬೆರೆತ ಬಣ್ಣಗಳ ಮೇಲೆ ನಿಷೇಧ ಹೇರಿದ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಹಳೆ ದೋಣಿಯ ಅಡಿಪದರದಲ್ಲಿ ಅದು ಇನ್ನೂ ಇರಬಹುದು. ಅಲ್ಯೂಮಿನಿಯಂ ದೋಣಿಗೆ ತಾಮ್ರ ಬೆರೆತ ಬಣ್ಣ ವಿಷವಿದ್ದಂತೆ, ತಳವನ್ನೇ ಕೊರೆಯುತ್ತದೆ. ಹೊಳಪಿನ ಬಣ್ಣದ ಬಗ್ಗೆ ಬರೆಯುವ ಉತ್ಸಾಹ ನನಗಿಲ್ಲ. ಡಬ್ಬಿಯ ಮೇಲೆ ಇರುವುದನ್ನು ಓದಿದರೆ ಸಾಕು.

ನೀರಿಗಿಳಿದ ಮೇಲೆ

ಮೊದಲ ಸಲ ಟ್ರೈಲರಿನಿಂದ ಪೂರ್ತಿ ಬಿಡಿಸದೆ, ಹಿಂಭಾಗ ತೇಲುವಷ್ಟು ಇಳಿಸಿ ಕಾಲು ಗಂಟೆ ನಿಲ್ಲಿಸಿ, ಒಳಗೆ ಎಲ್ಲೆಲ್ಲಿ ಒದ್ದೆಯಾಗುತ್ತದೆ ಟಾರ್ಚ್ ಹಿಡಿದು ನೋಡಿ. ನೀರಿಗಿಳಿಸುವ ಮೊದಲು, ಬರುವ ದಾರಿಯಲ್ಲೇ ಟ್ರೈಲರಿನ ಚಕ್ರದ ಗುಂಬ ಮುಟ್ಟಿ ನೋಡಿ. ಸುಡುವಷ್ಟು ಬಿಸಿಯಿದ್ದರೆ ಬೇರಿಂಗ್ ರಿಪೇರಿ ಕೇಳುತ್ತಿದೆ. ಬಿಸಿ ಗುಂಬವನ್ನು ತಣ್ಣೀರಿಗೆ ಅದ್ದಿದರೆ ಅದು ನೀರನ್ನು ಒಳಗೆಳೆದುಕೊಳ್ಳುತ್ತದೆ, ಆರಲು ಬಿಟ್ಟು ಇಳಿಸಿ. ಎಂಜಿನ್ ಚಾಲೂ ಆದೊಡನೆ ಹಿಂದಿನಿಂದ ಚಿಮ್ಮುವ ನೀರಿನ ಎಳೆ ಕಾಣಬೇಕು. ಕಾಣದಿದ್ದರೆ ತಕ್ಷಣ ಆಫ್ ಮಾಡಿ. ಮೊದಲ ಕೆಲವು ಸವಾರಿಗಳಲ್ಲಿ ಹುಟ್ಟು ಹಾಕಿಕೊಂಡು ದಡ ಸೇರಬಹುದಾದಷ್ಟು ದೂರವನ್ನು ಮೀರಬೇಡಿ.

ಪ್ರತಿ ಸಲ ಹಿಂತಿರುಗಿದ ಮೇಲೆ ಎಂಜಿನ್ನಿಗೆ ಸಿಹಿನೀರು ಹಾಯಿಸಿ, ಆಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ ಒಳಗಿನ ನೀರು ಬಸಿಯಲು ಬಿಡಿ. ಬಿರಡೆ ತೆಗೆಯಿರಿ, ತಳ ಒರೆಸಿ ಒಣಗಿಸಿ. ಒಣಗಿದ ತಳದಲ್ಲಿ ಹೊಸ ಸೋರಿಕೆ ಮರುದಿನವೇ ಸಿಕ್ಕಿಬೀಳುತ್ತದೆ, ಸದಾ ಒದ್ದೆಯಿರುವ ತಳದಲ್ಲಿ ತಿಂಗಳಾದರೂ ತಿಳಿಯುವುದಿಲ್ಲ. ಕೆಲವು ವಾರ ಓಡಿಸುವುದಿಲ್ಲವೆಂದಾದರೆ ಪೆಟ್ರೋಲಿಗೆ ಸ್ಟೆಬಿಲೈಸರ್ ಬೆರೆಸಿ ಐದು ನಿಮಿಷ ಓಡಿಸಿ, ಅದು ಕಾರ್ಬ್ಯುರೇಟರ್ ತನಕ ತಲುಪಲಿ. ಬ್ಯಾಟರಿ ಕಳಚಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಬಿಡುವಿನಲ್ಲಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ರ ಕೆಳಗೆ ಬಿಟ್ಟರೆ ಬ್ಯಾಟರಿಯ ಆಯಸ್ಸು ಕರಗುತ್ತದೆ.